ರಿವರ್ಸ್ ಸೆನ್ಸರ್: ರ‍್ಯಾಂಪ್ ಕಂಡರೆ ಕೂಗುತ್ತೆ, ಗೇಟಿನ ಪೈಪಿಗೆ ಕೂಗಲ್ಲ

ಕತ್ರಿಗುಪ್ಪೆ ಹ್ಯಾಚ್‌ಬ್ಯಾಕ್:

ಎಲ್ಲರಿಗೂ ನಮಸ್ಕಾರ. ಕಾರು 2020ರ ಹ್ಯಾಚ್‌ಬ್ಯಾಕ್. ಕಂಪನಿಯಿಂದಲೇ ಹಿಂದಿನ ಬಂಪರಿಗೆ ಎರಡು ಸೆನ್ಸರ್ ಬಂದಿವೆ, ಕ್ಯಾಮೆರಾ ಇಲ್ಲ. ಮನೆ 30×40 ಸೈಟಿನದು, ಕೆಳಗೆ ಸ್ಟಿಲ್ಟ್ ಪಾರ್ಕಿಂಗ್. ಕ್ರಾಸ್ ರೋಡ್ ಸಣ್ಣದು, ಹಾಗಾಗಿ ಗೇಟಿನೊಳಕ್ಕೆ ರಿವರ್ಸ್‌ನಲ್ಲೇ ಹತ್ತಿಸಬೇಕು.

ತೊಂದರೆ ಮೂರು. ರಸ್ತೆಯಲ್ಲಿ ನಿಂತು ರಿವರ್ಸ್ ಹಾಕಿ ರ‍್ಯಾಂಪ್ ಹತ್ತಿರ ಹೋದರೆ ಹಿಂದೆ ಏನೂ ಇಲ್ಲದಿದ್ದರೂ ಬೀಪ್ ಶುರುವಾಗುತ್ತೆ, ಚಕ್ರ ಮೇಲೇರುವ ತನಕ ನಿಲ್ಲಲ್ಲ. ತೆರೆದಿಟ್ಟ ಗ್ರಿಲ್ ಗೇಟಿನ ಅಂಚಿಗೆ ಒಂದಿಂಚಿನ ಪೈಪ್ ಇದೆ, ಅದು ಬಂಪರಿನ ಮೂಲೆಗೆ ತಾಗುವಷ್ಟು ಹತ್ತಿರ ಬಂದರೂ ಸದ್ದೇ ಇಲ್ಲ. ಮೂರನೆಯದು, ಮಳೆ ಬಂದ ಮಾರನೇ ದಿನ ರಿವರ್ಸ್ ಹಾಕಿದ ಕೂಡಲೇ ಒಂದೇ ಸಮ ಬೀಪ್, ಬಿಸಿಲಲ್ಲಿ ಎರಡು ಗಂಟೆ ನಿಂತ ಮೇಲೆ ತಾನಾಗಿ ಸರಿಹೋಗುತ್ತೆ.

ಸೆನ್ಸರ್ ಕೆಟ್ಟಿದೆಯಾ, ಅಥವಾ ಅದು ಇರೋದೇ ಹೀಗಾ? ನಾಲ್ಕು ಸೆನ್ಸರಿನ ಕಿಟ್ ಹಾಕಿಸಿದರೆ ಮೂಲೆಯ ಸಮಸ್ಯೆ ಹೋಗುತ್ತಾ? ಇನ್ನೊಂದು: ನಮ್ಮ ಮಾವನವರೂ ಇದೇ ಕಾರು ಓಡಿಸ್ತಾರೆ, ಅವರಿಗೆ ಆ ಬೀಪ್ ಸರಿಯಾಗಿ ಕೇಳಿಸಲ್ಲ. ಸದ್ದು ಜೋರು ಮಾಡೋ ದಾರಿ ಇದ್ದರೆ ತಿಳಿಸಿ.

ತಂತಿ-ಫ್ಯೂಸ್:

ಮೇಡಂ, ಮೊದಲೆರಡು ತೊಂದರೆ ಸೆನ್ಸರಿನ ಸ್ವಭಾವ. ಮೂರನೆಯದು ಮಾತ್ರ ದೋಷ, ಅದೂ ಬಹುಪಾಲು ತೊಳೆದರೆ ಹೋಗುವಂಥದ್ದು.

ಬಂಪರಿನಲ್ಲಿ ಕಾಣುವ ದುಂಡನೆ ಬಿಲ್ಲೆ ಸಾಮಾನ್ಯವಾಗಿ 40 ಕಿಲೋಹರ್ಟ್ಸ್ ಆಸುಪಾಸಿನ ಸದ್ದನ್ನು ತುಣುಕು ತುಣುಕಾಗಿ ಬಿಡುತ್ತೆ. ನಮ್ಮ ಕಿವಿಗೆ ಅದು ಕೇಳದು. ಹೋದ ಸದ್ದು ಎದುರಿನ ವಸ್ತುವಿಗೆ ಬಡಿದು ಎಷ್ಟು ಹೊತ್ತಿಗೆ ವಾಪಸ್ ಬಂತು ಅನ್ನೋದರ ಮೇಲೆ ದೂರದ ಲೆಕ್ಕ. 1 ಮೀಟರ್ ಆಚೆಯ ಗೋಡೆಗೆ ಹೋಗಿ ಬರೋಕೆ ಸುಮಾರು 6 ಮಿಲಿಸೆಕೆಂಡ್, 30 ಸೆಂ.ಮೀ.ಗೆ 2 ಮಿಲಿಸೆಕೆಂಡಿಗೂ ಕಡಿಮೆ. ಆದರೆ ಗಂಟೆ ಹೊಡೆದ ಮೇಲೂ ಅದು ಗುಂಯ್‌ಗುಡುವ ಹಾಗೆ, ಸದ್ದು ಬಿಟ್ಟ ಬಿಲ್ಲೆ ಸ್ವಲ್ಪ ಹೊತ್ತು ಕಂಪಿಸುತ್ತಲೇ ಇರುತ್ತೆ. ಅಷ್ಟರಲ್ಲಿ ಬಂದ ಮಾರ್ದನಿ ಅದಕ್ಕೆ ತಿಳಿಯದು. ಅದಕ್ಕೇ ಸುಮಾರು 30 ಸೆಂ.ಮೀ. ಒಳಗೆ ಅಳೆಯೋದನ್ನು ಬಿಟ್ಟು ಒಂದೇ ಸಮ ಕೂಗುವಂತೆ ಮಾಡಿರ್ತಾರೆ. ಒಂದೇ ಸಮ ಕೂಗಿತು ಅಂದರೆ ಬ್ರೇಕ್ ಒತ್ತಿ ನಿಲ್ಲಿಸಲೇಬೇಕು. ಅದಕ್ಕಿಂತ ಹತ್ತಿರ ಹೋದಾಗ ಕೆಲವು ಸಲ ಸದ್ದು ನಿಂತುಹೋಗುತ್ತೆ, ಆಗ ಜಾಗ ಇದೆ ಅಂದುಕೊಂಡರೆ ಬಂಪರ್ ಹೋಯ್ತು.

ಈಗ ರ‍್ಯಾಂಪ್ ವಿಚಾರ. ಸಪಾಟಾದ ಟಾರು ರಸ್ತೆಗೂ ಆ ಸದ್ದು ಬಡಿಯುತ್ತೆ, ಆದರೆ ಕೇರಂ ಬೋರ್ಡಿನ ಅಂಚಿಗೆ ಓರೆಯಾಗಿ ಹೊಡೆದ ಕಾಯಿ ಮುಂದಕ್ಕೇ ಜಾರುವ ಹಾಗೆ ಆಚೆ ಹೋಗಿಬಿಡುತ್ತೆ, ಸೆನ್ಸರಿಗೆ ಮರಳಲ್ಲ. ರ‍್ಯಾಂಪ್ ಹಾಗಲ್ಲ. ಮೊದಲನೆಯದಾಗಿ ಅದು ಸೆನ್ಸರಿಗೆ ಮುಖ ಎತ್ತಿಕೊಂಡಿರುತ್ತೆ. ಎರಡನೆಯದಾಗಿ ನಮ್ಮೂರಲ್ಲಿ ಚಕ್ರ ಜಾರದಿರಲಿ ಅಂತ ಸಿಮೆಂಟು ಹಸಿ ಇದ್ದಾಗಲೇ ಅಡ್ಡಡ್ಡ ಗೀರು ಎಳೆದಿರ್ತಾರಲ್ಲ, ಆ ಒಂದೊಂದು ಗೀರಿನ ಅಂಚೂ ಚಿಕ್ಕ ಗೋಡೆಯ ಹಾಗೆ ಸದ್ದನ್ನು ವಾಪಸ್ ಎಸೆಯುತ್ತೆ. ಜಲ್ಲಿ ಹಾಕಿದ ಜಾಗದಲ್ಲಿ, ಹುಲ್ಲು ಬೆಳೆದ ಕಡೆಯೂ ಇದೇ ಕಥೆ. ಹಿಂದಿನ ಚಕ್ರ ಹತ್ತಿ ಕಾರೂ ಅಷ್ಟೇ ಓರೆಯಾದ ಮೇಲೆ ಬೀಪ್ ನಿಲ್ಲುತ್ತೆ. ನಿಮ್ಮಲ್ಲಿ ಆಗ್ತಿರೋದೂ ಅದೇ.

ಆದರೆ ನೀವು ಹೆದರಬೇಕಾದದ್ದು ಆ ಬೀಪಿಗಲ್ಲ, ಅದು ನಿಂತ ಮೇಲಿನ ಎರಡು ಕ್ಷಣಕ್ಕೆ. ಕಾರಿನ ಹಿಂಭಾಗ ರ‍್ಯಾಂಪಿನ ಮೇಲ್ತುದಿಗೆ ಬಂದಾಗ ಸೆನ್ಸರ್ ಆಕಾಶ ನೋಡ್ತಿರುತ್ತೆ. ಒಳಗೆ ನೆಲದ ಮೇಲಿರುವ ಹೂಕುಂಡ, ಮಗುವಿನ ಮೂರು ಚಕ್ರದ ಸೈಕಲ್, ಮಲಗಿದ ನಾಯಿ, ಸಂಪಿನ ಮುಚ್ಚಳದ ಎದ್ದ ಅಂಚು ಎಲ್ಲವೂ ಅದರ ದೃಷ್ಟಿಯ ಕೆಳಗೆ ಉಳಿಯುತ್ತವೆ. ಕಾರು ಹತ್ತುವ ಮುಂಚೆ ಇಳಿದು ಒಳಗೆ ಒಮ್ಮೆ ಕಣ್ಣಾಡಿಸೋದು ಬಿಟ್ಟರೆ ಇದಕ್ಕೆ ಬೇರೆ ಮದ್ದಿಲ್ಲ. ಸೆನ್ಸರಿನ ಮೇಲೆ ಟೇಪ್ ಅಂಟಿಸಿ ರ‍್ಯಾಂಪ್ ಬೀಪ್ ತಪ್ಪಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ.

ಗೇಟಿನ ಪೈಪು: ಒಂದಿಂಚಿನ ದುಂಡು ಪೈಪು ಸದ್ದನ್ನು ಸುತ್ತಲೂ ಚೆಲ್ಲಿಬಿಡುತ್ತೆ, ಸೆನ್ಸರಿನ ಕಡೆಗೆ ಬರೋದು ಬಲು ಕಡಿಮೆ. ಗೋಡೆಯಾದರೆ ಒಂದೂವರೆ ಮೀಟರಿನಿಂದ ಕೂಗುವ ಸೆನ್ಸರ್ ಇಂಥ ಪೈಪಿಗೆ ತೀರ ಹತ್ತಿರ ಬಂದಾಗ ಮಾತ್ರ ಕೂಗೀತು. ಮೇಲಾಗಿ ನಿಮ್ಮದು ಎರಡೇ ಸೆನ್ಸರ್, ಮೂಲೆ ಅವುಗಳ ವ್ಯಾಪ್ತಿಯ ಹೊರಗೇ ಉಳಿಯುತ್ತೆ. ಸರಪಳಿ, ಹಗ್ಗ, ಜಾಲರಿ ಬೇಲಿ, ಬಟ್ಟೆ, ಹಾಸಿಗೆಯಂಥ ಮೆತ್ತನೆ ವಸ್ತು, ಇವಕ್ಕೂ ನಂಬಬೇಡಿ. ತೆರೆದ ಮೋರಿ ಮತ್ತು ಕಿತ್ತುಹೋದ ಫುಟ್‌ಪಾತ್ ಚಪ್ಪಡಿ ಎಲ್ಲಕ್ಕಿಂತ ಅಪಾಯ, ಯಾಕಂದರೆ ಗುಂಡಿಯಿಂದ ಮಾರ್ದನಿಯೇ ಬರಲ್ಲ.

ಬಂಪರ್ ಬೆಂಚ್:

ಮಳೆಯ ಮಾರನೇ ದಿನದ ಬೀಪ್ ಬಗ್ಗೆ ಹೇಳ್ತೀನಿ. ಬಿಲ್ಲೆಯ ಸುತ್ತ ತೆಳ್ಳನೆ ರಬ್ಬರ್ ಉಂಗುರ ಇರುತ್ತೆ. ಬಿಲ್ಲೆಯ ಕಂಪನ ಬಂಪರಿಗೆ ಇಳಿಯದಿರಲಿ ಅಂತಲೇ ಅದು. ಆ ಸಂದಿಯಲ್ಲಿ ಮಣ್ಣು ಸೇರಿ ನೀರು ಕುಡಿದರೆ ಬಿಲ್ಲೆ ಮತ್ತು ಬಂಪರ್ ಒಂದಕ್ಕೊಂದು ಅಂಟಿದ ಹಾಗಾಗುತ್ತೆ. ಆಗ ಬಂಪರಿನ ನಡುಕವನ್ನೇ ಸೆನ್ಸರ್ ಎದುರಿನ ಗೋಡೆ ಅಂದುಕೊಳ್ಳುತ್ತೆ. ಒಣಗಿದ ಮೇಲೆ ಸರಿಹೋಗುತ್ತೆ ಅಂದಿದ್ದೀರಲ್ಲ, ಅದೇ ದೊಡ್ಡ ಸುಳಿವು.

ಮೊದಲು ಯಾವ ಸೆನ್ಸರ್ ಅಂತ ಹಿಡಿಯಿರಿ. ಸಮತಟ್ಟು ಜಾಗ, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಲ್ಲು, ಎಂಜಿನ್ ಆಫ್, ಇಗ್ನಿಷನ್ ಆನ್, ರಿವರ್ಸ್ ಗೇರ್. ಈಗ ಹಿಂದೆ ಹೋಗಿ ಪ್ರತಿ ಬಿಲ್ಲೆಯ ಮೇಲೆ ಬೆರಳ ತುದಿ ಹಗುರಾಗಿ ಇಡಿ. ಕೆಲಸ ಮಾಡ್ತಿರೋ ಸೆನ್ಸರ್ ಗಡಿಯಾರದ ಮುಳ್ಳಿನ ಹಾಗೆ ಟಿಕ್ ಟಿಕ್ ಅನ್ನೋದು ಬೆರಳಿಗೆ ಗೊತ್ತಾಗುತ್ತೆ, ಕಿವಿ ಹತ್ತಿರ ಇಟ್ಟರೆ ಕೇಳಿಸುತ್ತೆ ಕೂಡ. ಟಿಕ್ ಇಲ್ಲದ್ದು ಸತ್ತಿದೆ, ಇಲ್ಲವೇ ಅದರ ಕಪ್ಲರ್‌ನಲ್ಲಿ, ಅಂದರೆ ತಂತಿ ಸೇರುವ ಪ್ಲಗ್ಗಿನಲ್ಲಿ, ನೀರು ಇಳಿದಿದೆ. ಖಚಿತ ಮಾಡಿಕೊಳ್ಳೋಕೆ ಎರಡೂ ಸೆನ್ಸರ್ ಅದಲುಬದಲು ಮಾಡಿ. ದೋಷ ಸೆನ್ಸರಿನ ಜೊತೆ ಆಚೆ ಬದಿಗೆ ಹೋದರೆ ಸೆನ್ಸರ್ ಬದಲಿಸಿ, ಇದ್ದಲ್ಲೇ ಉಳಿದರೆ ವೈರಿಂಗ್ ನೋಡಿ. ಇದನ್ನು ಮಾಡದೆ ಕಂಟ್ರೋಲ್ ಬಾಕ್ಸೇ ಹೋಗಿದೆ ಅಂದವರಿಗೆ ದುಡ್ಡು ಕೊಡಬೇಡಿ.

ಶುಚಿ ಮಾಡೋದು: ಕಾರಿನ ಶಾಂಪೂ ಬೆರೆಸಿದ ನೀರು, ಮೆತ್ತನೆ ಟೂತ್‌ಬ್ರಷ್, ಉಂಗುರದ ಸಂದಿಯಲ್ಲಿ ನಿಧಾನಕ್ಕೆ ಸುತ್ತಿಸಿ ತೊಳೆದು ಬಟ್ಟೆಯಲ್ಲಿ ಒತ್ತಿ ಒರೆಸಿ. ಪಿನ್ನು, ಬ್ಲೇಡು ಬೇಡ, ರಬ್ಬರ್ ಹರಿದರೆ ಈ ತೊಂದರೆ ಕಾಯಂ ಆಗುತ್ತೆ. ವಾಟರ್ ವಾಶ್‌ಗೆ ಕೊಟ್ಟಾಗ ಪ್ರೆಶರ್ ಗನ್ ಸೆನ್ಸರಿಗೆ ಹತ್ತಿರ ಹಿಡಿಯಬೇಡಿ ಅಂತ ಬಾಯಿಬಿಟ್ಟು ಹೇಳಿ.

ಬಂಪರಿಗೆ ಡೆಂಟು-ಪೇಂಟು ಆಗಿದ್ದರೆ ಇನ್ನೊಂದು ಕಾರಣ ಇರಬಹುದು. ಸೆನ್ಸರ್ ಬಿಚ್ಚದೆ ಮೇಲೇ ಬಣ್ಣ ಹೊಡೆದರೆ ಸಂದಿ ಮುಚ್ಚಿಹೋಗುತ್ತೆ. ಬಿಚ್ಚಿ ಬೇರೆಯಾಗಿ ತೆಳುವಾಗಿ ಬಣ್ಣ ಕೊಡಬೇಕು, ಬಿಲ್ಲೆಯ ಮೇಲೆ ಪಟ್ಟಿ (ಡೆಂಟು ತುಂಬುವ ಪುಟ್ಟಿ) ಹಚ್ಚಲೇಬಾರದು. ಪಟ್ಟಿ ಕೂತ ಬಿಲ್ಲೆ ಅಂದರೆ ಒದ್ದೆ ಬಟ್ಟೆ ಹೊದಿಸಿದ ತಮಟೆ.

ಕತ್ರಿಗುಪ್ಪೆ ಹ್ಯಾಚ್‌ಬ್ಯಾಕ್:

ಇಬ್ಬರಿಗೂ ಧನ್ಯವಾದ. ಬೆರಳಿಟ್ಟು ನೋಡಿದೆ, ಎರಡೂ ಟಿಕ್ ಅನ್ನುತ್ತಿವೆ. ಎಡಗಡೆಯದರ ಉಂಗುರದ ಸುತ್ತ ಪಾಲಿಶ್ ಒಣಗಿ ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು, ಕೆಳಗಡೆ ಕೆಮ್ಮಣ್ಣು. ತೊಳೆದಾಯ್ತು. ಒಂದು ಬಕೆಟ್ ನೀರು ಹೊಯ್ದು ರಿವರ್ಸ್ ಹಾಕಿದಾಗ ಹನಿ ಇಳಿಯುವ ತನಕ ಕೂಗಿ ನಿಂತಿತು. ನಾಲ್ಕು ಸೆನ್ಸರಿನ ಪ್ರಶ್ನೆ ಹಾಗೇ ಉಳಿದಿದೆ.

ತಂತಿ-ಫ್ಯೂಸ್:

ನಿಮ್ಮ ಕಾರಿಗೆ ಹೊರಗಿನ ನಾಲ್ಕು ಸೆನ್ಸರಿನ ಕಿಟ್ ಬೇಡ. 2019ರ ಜುಲೈ 1ರ ನಂತರ ತಯಾರಾದ ಕಾರುಗಳಿಗೆ ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯ, ನಿಮ್ಮದು ಆ ನಿಯಮದಡಿ ಬಂದದ್ದು. ಅದರ ಪಕ್ಕದಲ್ಲೇ ಇನ್ನೊಂದು ಕಿಟ್ ಕೂರಿಸಿದರೆ ಎರಡೂ ಹೆಚ್ಚುಕಡಿಮೆ ಒಂದೇ ಕಂಪನಾಂಕದಲ್ಲಿ ಕೂಗಿ ಒಂದರ ಸದ್ದನ್ನು ಇನ್ನೊಂದು ತನ್ನ ಮಾರ್ದನಿ ಅಂದುಕೊಳ್ಳುತ್ತೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಎರಡು ಕಾರು ಅಕ್ಕಪಕ್ಕ ಒಟ್ಟಿಗೆ ರಿವರ್ಸ್ ಬಂದಾಗ ಸುಮ್ಮಸುಮ್ಮನೆ ಬೀಪ್ ಆಗೋದೂ ಇದರಿಂದಲೇ. ಕಂಪನಿ ಸೆನ್ಸರಿನ ಕಪ್ಲರ್ ಕಿತ್ತರೆ ರಿವರ್ಸ್ ಹಾಕಿದಾಗೆಲ್ಲ ಅದು ದೋಷದ ಬೀಪ್ ಕೊಡುತ್ತೆ. ಆ ದುಡ್ಡಿಗೆ ಕ್ಯಾಮೆರಾ ಹಾಕಿಸಿ. ಗೇಟಿನ ಪೈಪು, ಹೂಕುಂಡ, ಮೋರಿ ಮೂರೂ ಕಣ್ಣಿಗೆ ಕಾಣುತ್ತವೆ. ಮೂಲೆಗೆ ಸೈಡ್ ಮಿರರ್ ಅನ್ನೇ ನಂಬಿ. ಪ್ಯಾಸೆಂಜರ್ ಕಡೆಯ ಮಿರರ್ ಸ್ವಲ್ಪ ಕೆಳಗಿಳಿಸಿದರೆ ಹಿಂಚಕ್ರವೂ ಗೇಟಿನ ಬುಡವೂ ಒಟ್ಟಿಗೆ ಸಿಗುತ್ತವೆ.

ನಾಗರಭಾವಿ ಸೆಡಾನ್:

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮದು 2016ರ ಸೆಡಾನ್, ಸೆನ್ಸರೇ ಇಲ್ಲ. ಜೆ.ಸಿ. ರೋಡಿನಲ್ಲಿ ನಾಲ್ಕರ ಕಿಟ್ ಹಾಕಿಸಬೇಕು ಅಂತಿದ್ದೇನೆ. ಪಕ್ಕದಲ್ಲಿ ನಿಂತು ಏನೇನು ನೋಡಿಕೊಳ್ಳಬೇಕು?

ಬಂಪರ್ ಬೆಂಚ್:

ಸರ್, ಅಂಗಡಿ ಎಷ್ಟೇ ದೊಡ್ಡದಿರಲಿ, ಬಂಪರಿಗೆ ಡ್ರಿಲ್ ಇಡುವ ಮುಂಚೆ ಅಳತೆ ಟೇಪು ಹೊರಬರಲಿಲ್ಲ ಅಂದರೆ ತಡೆಯಿರಿ. ತಪ್ಪು ತೂತು ಮುಚ್ಚೋಕೆ ಆಗಲ್ಲ.

ನೆಲದಿಂದ ತೂತಿನ ಎತ್ತರ 50ರಿಂದ 65 ಸೆಂ.ಮೀ. ಅದಕ್ಕಿಂತ ಕೆಳಗಾದರೆ ರಸ್ತೆ ಉಬ್ಬಿಗೂ ಕೂಗುತ್ತೆ, ಮೇಲಾದರೆ ಗಿಡ್ಡ ಕಲ್ಲುಕಂಬ ತಪ್ಪಿಹೋಗುತ್ತೆ. ಡಿಕ್ಕಿಯಲ್ಲಿ ನಾಲ್ಕು ಸೂಟ್‌ಕೇಸ್ ತುಂಬಿದರೆ ಹಿಂಭಾಗ ಇನ್ನಷ್ಟು ಇಳಿಯುತ್ತೆ ಅನ್ನೋದೂ ಲೆಕ್ಕದಲ್ಲಿರಲಿ. ಅಡ್ಡಳತೆಗೆ ಬಂಪರಿನ ಅಗಲದ ಹತ್ತನೇ ಒಂದು ಭಾಗ ಎರಡೂ ಬದಿ ಬಿಟ್ಟು, ಉಳಿದದ್ದನ್ನು ಮೂರು ಸಮಪಾಲು ಮಾಡಿ. ಬಂಪರ್ 160 ಸೆಂ.ಮೀ. ಇದ್ದರೆ ಅಂಚಿನಿಂದ 16, ಆಮೇಲೆ ಸುಮಾರು 43ಕ್ಕೊಂದು. ಗುರುತು ಹಾಕಿದ ಮೇಲೆ ಹಿಂದಿನಿಂದ ಕೈ ಹಾಕಿ ನೋಡಿ: ಒಳಗೆ ಕಬ್ಬಿಣದ ಬೀಮು ಅಡ್ಡ ಬಂದರೆ ಸೆನ್ಸರಿನ ಹಿಂಭಾಗಕ್ಕೂ ವೈರ್ ಬಾಗೋಕೂ ಜಾಗ ಇರಲ್ಲ. ಆಗ ನಾಲ್ಕನ್ನೂ ಒಟ್ಟಿಗೆ ಮೇಲೆ ಅಥವಾ ಕೆಳಗೆ ಸರಿಸಬೇಕು, ಒಂದನ್ನೇ ಸರಿಸಬಾರದು.

ಕಿಟ್ ಜೊತೆಗೇ ಅದರ ಅಳತೆಯ ಹೋಲ್ ಸಾ (ದುಂಡು ತೂತು ಕೊರೆಯುವ ಬಿಟ್) ಬರುತ್ತೆ, ಸಾಮಾನ್ಯವಾಗಿ 22 ಮಿ.ಮೀ. ಬೇರೆ ಕಾರಿನ ಕೆಲಸಕ್ಕೆ ಬಳಸಿದ್ದು ಬೇಡ, ಅರ್ಧ ಮಿಲಿಮೀಟರ್ ದೊಡ್ಡದಾದರೂ ಸೆನ್ಸರ್ ಅಲ್ಲಾಡುತ್ತೆ. ಮಾಸ್ಕಿಂಗ್ ಟೇಪ್ ಅಂಟಿಸಿ, ಸಣ್ಣ ಬಿಟ್‌ನಿಂದ ದಾರಿ ಮಾಡಿ, ಡ್ರಿಲ್ ನಿಧಾನ ಓಡಿಸಬೇಕು. ಜೋರು ಓಡಿಸಿದರೆ ಪ್ಲಾಸ್ಟಿಕ್ ಕರಗಿ ಅಂಚಿನಲ್ಲಿ ಗಂಟು ಕಟ್ಟುತ್ತೆ. ಆ ಗಂಟು ಬ್ಲೇಡಿನಲ್ಲಿ ಹೆರೆದು ತೆಗೆಸಿ. ಸೆನ್ಸರಿನ ಹಿಂದೆ ಮೇಲ್ಮುಖ ಬಾಣದ ಗುರುತು ಇದ್ದರೆ ಅದು ಮೇಲಕ್ಕೇ ಇರಬೇಕು. ತಲೆಕೆಳಗಾದರೆ ನೆಲವನ್ನೇ ನೋಡ್ತಾ ದಿನವಿಡೀ ಕೂಗುತ್ತೆ. ಒಳಗೆ ತಳ್ಳುವಾಗ ಅಂಚಿನ ಮೇಲೆ ಎರಡು ಹೆಬ್ಬೆರಳು, ನಡುವಿನ ಬಿಲ್ಲೆಯ ಮೇಲೆ ಒತ್ತಬಾರದು.

ನಂಬರ್ ಪ್ಲೇಟಿನ ಚೌಕಟ್ಟು ಹೊರಚಾಚಿದ್ದರೆ, ಟೋ ಹುಕ್ ಹಾಕಿಸಿದ್ದರೆ, ಮಧ್ಯದ ಎರಡು ಸೆನ್ಸರ್ ಅದನ್ನೇ ಅಡ್ಡಿ ಅಂತ ಓದುತ್ತವೆ. ಕಿಟ್ ಹಾಕುವ ಮುಂಚೆಯೇ ಅದನ್ನು ತೆಗೆಸಿ.

ತಂತಿ-ಫ್ಯೂಸ್:

ವೈರಿಂಗ್ ಭಾಗ ನಾನು ಸೇರಿಸ್ತೀನಿ. ಕಿಟ್‌ಗೆ ಕರೆಂಟು ಸಿಗೋದು ರಿವರ್ಸ್ ಲೈಟಿನ ಪ್ಲಸ್ ತಂತಿಯಿಂದ. ಕೆಲವು ಕಾರಿನಲ್ಲಿ ರಿವರ್ಸ್ ಲೈಟು ಒಂದೇ ಬದಿ ಇರುತ್ತೆ, ಹಾಗಾಗಿ ತಂತಿಯ ಬಣ್ಣ ನೋಡಿ ಊಹಿಸಬೇಡಿ. ಗೇರ್ ಹಾಕಿಸಿ ಮಲ್ಟಿಮೀಟರ್ ಇಟ್ಟು 12 ವೋಲ್ಟ್ ಬರ್ತಿದೆಯಾ, ಗೇರ್ ತೆಗೆದಾಗ ಸೊನ್ನೆಗೆ ಬೀಳುತ್ತಾ ನೋಡಿ. ಪ್ಲಸ್ ತಂತಿಗೆ 1 ಆಂಪಿಯರ್ ಫ್ಯೂಸು, ಜೋಡಣೆ ಮಾಡಿದ ಜಾಗದ ಹತ್ತಿರವೇ. ಜೋಡಣೆಗೆ ಬೆಸುಗೆ ಹಾಕಿ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಕೊಳವೆ) ತೊಡಿಸಿ, ಬರೀ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ್ದು ಎರಡು ಬೇಸಿಗೆ ಕಳೆದರೆ ಅಂಟು ಬಿಟ್ಟು ಜಾರುತ್ತೆ. ಅರ್ತ್ ತಂತಿಗೆ ಬಾಡಿಯ ಬೋಲ್ಟಿನ ಕೆಳಗೆ ಬಣ್ಣ ಕೆರೆದು ಹಸಿ ಲೋಹ ಕಾಣಿಸಬೇಕು. ಅರ್ತ್ ಸಡಿಲ ಇದ್ದರೆ ಹಳ್ಳಕ್ಕೆ ಇಳಿದಾಗೊಮ್ಮೆ ಸೆನ್ಸರ್ ಆಫ್ ಆಗಿ ಆನ್ ಆಗುತ್ತೆ.

ಸೆನ್ಸರ್ ತಂತಿಗಳು ಡಿಕ್ಕಿಯೊಳಕ್ಕೆ ಈಗಾಗಲೇ ಇರುವ ರಬ್ಬರ್ ಗ್ರಾಮೆಟ್ (ತಂತಿ ಹೋಗುವ ತೂತಿನ ರಬ್ಬರ್ ಬಿರಡೆ) ಮೂಲಕವೇ ಹೋಗಲಿ. ಬಾಡಿಗೆ ಹೊಸ ತೂತು ಹಾಕಿದರೆ ಅಲ್ಲಿಂದ ನೀರು ಸ್ಟೆಪ್ನಿ ಗುಂಡಿಗೆ ಇಳಿದು ತುಕ್ಕು ಹಿಡಿಯುತ್ತೆ. ಸೈಲೆನ್ಸರ್ ಬದಿಯ ತಂತಿಯನ್ನು ಕ್ಲಿಪ್ಪಿನಿಂದ ಮೇಲೆತ್ತಿ ಕಟ್ಟಿಸಿ. ಕಂಟ್ರೋಲ್ ಬಾಕ್ಸಿಗೆ ಸೆನ್ಸರ್ ತಂತಿ ಚುಚ್ಚುವಾಗ ಯಾವ ಅಕ್ಷರ ಎಡದ್ದು, ಯಾವುದು ಬಲದ್ದು ಅಂತ ಕಿಟ್‌ನ ಚಿತ್ರ ನೋಡಿಯೇ ಚುಚ್ಚಲಿ, ಇಲ್ಲವಾದರೆ ಎಡಗಡೆ ಕಂಬಕ್ಕೆ ಡಿಸ್‌ಪ್ಲೇ ಬಲಗಡೆ ಉರಿಯುತ್ತೆ.

ಯಲಹಂಕ ಡ್ರೈವಿಂಗ್ ಕ್ಲಾಸ್:

ಮೇಡಂ, ನಿಮ್ಮ ಮಾವನವರ ವಿಚಾರಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ಅದು ತುಂಬ ಮುಖ್ಯ. ವಯಸ್ಸಾದ ಹಾಗೆ ಕಿವಿಗೆ ಮೊದಲು ತಪ್ಪುವುದು ಕೀರಲು ಸ್ವರ. ಸಣ್ಣ ಬಜರ್‌ಗಳ ಸದ್ದು ಸಾಮಾನ್ಯವಾಗಿ 2ರಿಂದ 4 ಕಿಲೋಹರ್ಟ್ಸ್, ಅಂದರೆ ಅವರಿಗೆ ಕಷ್ಟವಾಗುವ ಜಾಗದಲ್ಲೇ ಅದು ಕೂತಿರುತ್ತೆ. ಕಾರಿನಲ್ಲಿ ಟಚ್ ಸ್ಕ್ರೀನ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಪಾರ್ಕಿಂಗ್ ಸದ್ದಿನ ವಾಲ್ಯೂಮ್ ಬೇರೆ ಇದೆಯಾ ಹುಡುಕಿ. ಬಜರ್ ಬೇರೆಯೇ ಇದ್ದರೆ ಅದು ಎಲ್ಲಿ ಕೂತಿದೆ ನೋಡಿ. ಡಿಕ್ಕಿಯ ಹೊದಿಕೆಯ ಒಳಗಿದ್ದರೆ ಅರ್ಧ ಸದ್ದು ಅಲ್ಲೇ ಸಾಯುತ್ತೆ. ತಂತಿ ಉದ್ದ ಮಾಡಿಸಿ ಹಿಂದಿನ ಸೀಟಿನ ಪಕ್ಕದ ಕಂಬದ ಮೇಲ್ಭಾಗಕ್ಕೆ ತರಿಸಬಹುದು, ಕಿವಿಗೆ ಹತ್ತಿರವಾಗುತ್ತೆ, ಸದ್ದು ಹಿಂದಿನಿಂದಲೇ ಬರುತ್ತೆ. ವಾರಂಟಿ ಇನ್ನೂ ಇದ್ದರೆ ಸರ್ವಿಸ್ ಸೆಂಟರಿನಲ್ಲೇ ಮಾಡಿಸಿ. ರಿವರ್ಸ್ ಹಾಕುವ ಮುಂಚೆ ಹಾಡು ನಿಲ್ಲಿಸಿ, ಎ.ಸಿ. ಬ್ಲೋವರ್ ಒಂದಕ್ಕೆ ಇಳಿಸಿ, ಹಿಂದಿನ ಎರಡೂ ಗಾಜು ಅರ್ಧ ಇಳಿಸುವುದು ಅವರಿಗೆ ಅಭ್ಯಾಸವಾಗಲಿ. ಹಿಂದೆ ಯಾರಾದರೂ "ನಿಲ್ಸಿ" ಅಂತ ಕೂಗಿದರೂ ಕೇಳಬೇಕಲ್ಲ.

ಇನ್ನು ವೇಗ. ಗಂಟೆಗೆ 5 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 1.4 ಮೀಟರ್. ಬೀಪ್ ಕೇಳಿ ಕಾಲು ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡ್ ಹಿಡಿದರೆ ಮೊದಲ ಬೀಪಿನ ದೂರವೆಲ್ಲ ಅಷ್ಟರಲ್ಲೇ ಖರ್ಚಾಯಿತು. ಹಾಫ್ ಕ್ಲಚ್‌ನಲ್ಲಿ ಗಂಟೆಗೆ 2 ಕಿ.ಮೀ.ಯಷ್ಟು ತೆವಳಿದರೆ ಒಂದು ಸೆಕೆಂಡಿಗೆ 55 ಸೆಂ.ಮೀ. ಹೋಗುತ್ತೆ, ಆಗ ಬೀಪಿನ ವ್ಯತ್ಯಾಸ ಕೇಳಿಸಿಕೊಳ್ಳೋಕೆ ಪುರುಸೊತ್ತು ಇರುತ್ತೆ. ರ‍್ಯಾಂಪ್ ಹತ್ತುವಾಗ ಆಕ್ಸಿಲರೇಟರ್ ಒತ್ತಲೇಬೇಕಾಗುತ್ತೆ, ಮೇಲೆ ಹೋದ ಕೂಡಲೇ ಕಾಲು ತೆಗೆಯುವುದನ್ನು ಅವರು ಮರೆಯದಿರಲಿ.

ಒಂದು ಭಾನುವಾರ ಅರ್ಧ ಗಂಟೆ ಇಟ್ಟುಕೊಂಡು ನಿಮ್ಮ ಕಾರಿನ ಬೀಪ್ ಅಳೆದುಬಿಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ 75 ಮಿ.ಮೀ. ಪಿವಿಸಿ ಪೈಪು 1 ಮೀಟರ್ ತನ್ನಿ. ಇಂಥ ಸೆನ್ಸರುಗಳ ಐಎಸ್ಒ 17386 ಮಾನದಂಡದ ಪರೀಕ್ಷೆಗೂ ಇದೇ ಅಳತೆಯ ಕೊಳವೆ. ಕಾರು ನಿಂತೇ ಇರಲಿ, ಮೇಲೆ ಹೇಳಿದ ಹಾಗೆ ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಲ್ಲು, ಎಂಜಿನ್ ಆಫ್. ಒಬ್ಬರು ಸೀಟಿನಲ್ಲಿ ಕೂತು ಕೇಳಲಿ, ಇನ್ನೊಬ್ಬರು ಪೈಪನ್ನು ನೆಟ್ಟಗೆ ಹಿಡಿದು ಬಂಪರಿನ ನಡುವಿಗೆ ನೇರವಾಗಿ 2 ಮೀಟರಿನಿಂದ ಹತ್ತು ಹತ್ತು ಸೆಂಟಿಮೀಟರ್ ಒಳಗೆ ತರಲಿ. ಹಿಡಿದವರು ಪೈಪಿನ ಪಕ್ಕಕ್ಕೆ ಕೈ ಚಾಚಿ ದೂರ ನಿಲ್ಲಬೇಕು, ಇಲ್ಲದಿದ್ದರೆ ಸೆನ್ಸರ್ ಅವರನ್ನೇ ಅಳೆಯುತ್ತೆ. ಬೀಪ್ ಶುರುವಾದ ಜಾಗ, ಚುರುಕಾದ ಜಾಗ, ಒಂದೇ ಸಮವಾದ ಜಾಗ ಮೂರಕ್ಕೂ ಸೀಮೆಸುಣ್ಣದ ಗೆರೆ. ಆಮೇಲೆ ಎಡ ಮೂಲೆ, ಬಲ ಮೂಲೆ. ಎರಡು ಸೆನ್ಸರಿನ ಕಾರಲ್ಲಿ ಮೂಲೆಯಲ್ಲಿ ಗೆರೆ ಎಷ್ಟು ಒಳಕ್ಕೆ ಬರುತ್ತೆ ಅನ್ನೋದನ್ನು ಮಾವನವರು ಕಣ್ಣಾರೆ ನೋಡಲಿ. ಕೊನೆಗೆ ಪೈಪಿನ ಬದಲು ಪೊರಕೆ ಕಡ್ಡಿಯಷ್ಟು ತೆಳ್ಳಗಿನ ಸರಳು ಹಿಡಿದು ಇದನ್ನೇ ಮಾಡಿ.

ಬನಶಂಕರಿ ಆಟೋಮ್ಯಾಟಿಕ್:

ಇದರ ಜೊತೆಗೆ ಹೊರಗಡೆ ಕೇಳಿಸುವಂಥ ರಿವರ್ಸ್ ಹಾರ್ನ್ ಕೂಡ ಹಾಕಿಸಿಬಿಟ್ಟರೆ? ಹಾಡು ಬರುವಂಥದ್ದು ಸಿಗುತ್ತಲ್ಲ, ಮಕ್ಕಳು ಪಕ್ಕಕ್ಕೆ ಹೋಗ್ತಾರೆ.

ತಂತಿ-ಫ್ಯೂಸ್:

ಬೇಡ. ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮದಲ್ಲಿ ಬೇರೆ ಬೇರೆ ಸ್ವರ ಒಂದರ ಹಿಂದೊಂದು ಬರುವ ಹಾರ್ನ್ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಶಬ್ದದ ಮಿತಿ 45 ಡೆಸಿಬಲ್, ಅದನ್ನೂ ಇದು ಮೀರುತ್ತೆ. ಎರಡು ವರ್ಷದ ಮಗುವಿಗೆ ಹಾಡು ಕೇಳಿದರೆ ಅದು ಪಕ್ಕಕ್ಕೆ ಹೋಗುವುದಿಲ್ಲ, ಹಾಡಿನ ಕಡೆಗೇ ಬರುತ್ತೆ.

ಕತ್ರಿಗುಪ್ಪೆ ಹ್ಯಾಚ್‌ಬ್ಯಾಕ್:

ಪೈಪು ತಂದು ಅಳೆದೆವು. ನಡುವೆ ಶುರು 1.3 ಮೀಟರಿಗೆ, ಒಂದೇ ಸಮ 38 ಸೆಂ.ಮೀ.ಗೆ. ಎಡ ಮೂಲೆಯಲ್ಲಿ 20 ಸೆಂ.ಮೀ. ತನಕ ಸದ್ದೇ ಇಲ್ಲ. ಕ್ಯಾಮೆರಾ ಹಾಕಿಸೋದು ಅಂತ ತೀರ್ಮಾನ ಆಯ್ತು. ಒಳಗಿನ ಗೋಡೆಗೆ ತಾಗದ ಹಾಗೆ ನೆಲಕ್ಕೆ ವೀಲ್ ಸ್ಟಾಪರ್ ಕೂರಿಸಬೇಕು, ಎಷ್ಟು ದೂರಕ್ಕೆ?

ಯಲಹಂಕ ಡ್ರೈವಿಂಗ್ ಕ್ಲಾಸ್:

ಹಿಂಚಕ್ರದ ಟೈರಿನ ಹಿಂಬದಿ ಸ್ಟಾಪರಿಗೆ ತಾಗುವ ಎತ್ತರದಲ್ಲಿ ಒಂದು ಗುರುತು ಮಾಡಿ, ಅಲ್ಲಿಂದ ಬಂಪರಿನ ಕೊನೆಯ ಅಂಚಿನ ತನಕ ನೆಲದ ಮೇಲೆ ಅಳೆಯಿರಿ. ಆ ಅಳತೆಗೆ ಡಿಕ್ಕಿ ಬಾಗಿಲು ಮೇಲೇಳೋಕೆ ಬೇಕಾದ ಜಾಗ ಸೇರಿಸಿ, ಗೋಡೆಯಿಂದ ಅಷ್ಟು ದೂರಕ್ಕೆ ಸ್ಟಾಪರ್ ಕೂರಿಸಿ. ಹ್ಯಾಚ್‌ಬ್ಯಾಕಿನ ಬಾಗಿಲು ಏಳುವಾಗ ಬಂಪರಿಗಿಂತ ಹಿಂದಕ್ಕೆ ಚಾಚುತ್ತೆ, ಅದನ್ನು ಬಯಲಲ್ಲಿ ಒಮ್ಮೆ ತೆಗೆದು ಅಳೆದುಕೊಳ್ಳಿ. ಬಾಗಿಲು ಪೂರ್ತಿ ತೆಗೆಯೋದು ಬೇಡ ಅಂದರೂ ಬಂಪರಿಗೂ ಗೋಡೆಗೂ ನಡುವೆ 40 ಸೆಂ.ಮೀ.ಗೆ ಕಡಿಮೆ ಇಡಬೇಡಿ, ಇಲ್ಲದಿದ್ದರೆ ಕಾರು ಸರಿಯಾಗಿ ನಿಂತಾಗಲೂ ಒಂದೇ ಸಮ ಕೂಗಿ ಮಾವನವರಿಗೆ ಆ ಸದ್ದನ್ನು ಲೆಕ್ಕಿಸದಿರುವ ಅಭ್ಯಾಸವಾಗುತ್ತೆ. ಮೊದಲು ಎರಡು ದಿನ ಬರೀ ಮರದ ತುಂಡು ಇಟ್ಟು ನಿಲ್ಲಿಸಿ ನೋಡಿ, ಆಮೇಲೆ ಬೋಲ್ಟು ಹೊಡೆಸಿ.